ಮಾದಪ್ಪನ ಸಾಲದ ಗೋಡೆ

ನಾನು ಬ್ಯಾಂಕೊಂದರಲ್ಲಿ ಸಾಲದ ಫೈಲು ನೋಡುವ ಕೆಲಸ ಮಾಡುತ್ತೇನೆ. ಜಾಮೀನು ಯಾರು, ಪಹಣಿ ಯಾರ ಹೆಸರಲ್ಲಿದೆ, ಕಂತು ಎಷ್ಟು ದಿನ ತಡ, ದಿನವೆಲ್ಲ ಇದೇ. ನಾನು ಕಂಡ ಮೊದಲ ಸಾಲದ ಖಾತೆ ಮಾತ್ರ ಕಾಗದದ ಮೇಲಿರಲಿಲ್ಲ. ಊರಿನ ಮನೆಯ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದ ಸುಣ್ಣದ ಗೋಡೆಯ ಮೇಲೆ, ಇದ್ದಿಲಲ್ಲಿ ಎಳೆದ ಗೀಟುಗಳಾಗಿತ್ತು. ಒಂದು ಗೀಟಿಗೆ ಹತ್ತು ರೂಪಾಯಿ. ಸಾಲಗಾರ ನಮ್ಮ ತಾತ. ಸಾಲ ಕೊಟ್ಟವನು ಮಲೆ ಮಾದೇಶ್ವರ.

ದೇವರ ಗೂಡಿನ ಮೊಳೆಗೆ ಅರಿಶಿನದ ಬಟ್ಟೆಯ ಒಂದು ಗಂಟು ಸದಾ ತೂಗುತ್ತಿತ್ತು. ಮಾದಪ್ಪನ ಮುಡುಪು. ರೇಷ್ಮೆ ಗೂಡು ಮಾರಿದಾಗ, ಹಸು ಕರು ಹಾಕಿದಾಗ, ಯಾರಿಗಾದರೂ ಜ್ವರ ಬಿಟ್ಟಾಗ ಅದಕ್ಕೆ ಐದೋ ಹತ್ತೋ ಬೀಳುತ್ತಿತ್ತು. ಶಿವರಾತ್ರಿಗೆ ಬೆಟ್ಟಕ್ಕೆ ಹೋಗುವಾಗ ಬಿಚ್ಚಿ ಹುಂಡಿಗೆ ಹಾಕುವುದು ಪದ್ಧತಿ. ನಮ್ಮ ತಾತ ನಡುವೆ ಯಾವಾಗ ಬೇಕೋ ಆವಾಗ ಬಿಚ್ಚುತ್ತಿದ್ದ. ಹಾಗಂತ ಕದ್ದು ಮುಚ್ಚಿ ಅಲ್ಲ. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಗೂಡಿನ ಮುಂದೆ ನಿಂತು ದೊಡ್ಡ ದನಿಯಲ್ಲಿ ಹೇಳಿಯೇ ಬಿಚ್ಚುತ್ತಿದ್ದ: "ಮಾದಪ್ಪ, ಇಪ್ಪತ್ ರೂಪಾಯ್ ತಕ್ಕೊಂಡಿವ್ನಿ. ಹಲಗೂರಲ್ಲಿ ಇವತ್ತು ಸಂತೆ. ಗೂಡು ಮಾರಿದ್ಮೇಲೆ ಕೊಟ್ಬುಡ್ತೀನಿ." ಆಮೇಲೆ ಇದ್ದಿಲು ತಗೊಂಡು ಗೋಡೆಗೆ ಎರಡು ಗೀಟು.

"ದೇವ್ರ್ ದುಡ್ ಮುಟ್ಟಿದ್ರೆ ಕೈ ಸೇದೋಯ್ತದೆ" ಅಂತ ಅಜ್ಜಿ ಒಳಗಿಂದ ಬೈಯುತ್ತಿತ್ತು.

"ಕದ್ದಿದ್ರೆ ತಾನೆ ಸೇದೋದು? ನಾನು ಸಾಲ ತಕ್ಕೊಂಡಿರೋನು. ಸಾಲಗಾರನ್ ಕೈ ಸೇದೋದ್ರೆ ತೀರ್ಸೋರ್ ಯಾರು? ಅಷ್ಟು ಗೊತ್ತಾಗಕಿಲ್ವ ಮಾದಪ್ಪಂಗೆ?"

ಈಗ ಸಾಲ ವಸೂಲಾತಿಯ ಮೀಟಿಂಗಿನಲ್ಲಿ ಕೂತಾಗೆಲ್ಲ ಈ ತರ್ಕ ನೆನಪಾಗಿ ನಗು ತಡೆದುಕೊಳ್ಳುವುದು ಕಷ್ಟ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ತಾತ "ಬಂತು", ಅಜ್ಜಿ "ಹೋಯ್ತು". ಬೆಂಗಳೂರಿನ ಗೆಳತಿಯರು ಇದನ್ನು ಕೇಳಿ, ಏನೇ ಅದು ದನಕರುಗಳ ತರ, ಅಂತ ನಗುತ್ತಾರೆ. ಅದರಲ್ಲಿರುವ ಸಲಿಗೆ ಅವರಿಗೆ ಹೇಳಿ ತಿಳಿಸುವುದು ನನ್ನಿಂದ ಆಗಿಲ್ಲ. ಇಲ್ಲಿ ತಾತನಿಗೆ "ಅವರು" ಅಂತ ಬರೆಯಲು ಹೋದೆ. ಯಾರೋ ರಿಟೈರಾದ ಹೆಡ್‌ಮಾಸ್ಟರ ಬಗ್ಗೆ ಬರೆದ ಹಾಗಾಯಿತು. ಅಳಿಸಿದೆ.

ನಮ್ಮೂರು ಮಳವಳ್ಳಿ ತಾಲ್ಲೂಕು, ಹಲಗೂರಿನಿಂದ ಒಳಕ್ಕೆ. ಮಂಡ್ಯ ಜಿಲ್ಲೆ ಅಂದರೆ ಎಲ್ಲರ ಕಣ್ಣಿಗೆ ಕಬ್ಬು, ಭತ್ತ, ಕನ್ನಂಬಾಡಿ ನಾಲೆ ಬರುತ್ತದೆ. ನಾಲೆಯ ನೀರು ಮಳವಳ್ಳಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನಮ್ಮೂರಿಗಂತೂ ಬರುವುದೇ ಇಲ್ಲ. ರಾಗಿ, ಹುರುಳಿ, ಹಿಪ್ಪುನೇರಳೆ ಕಡ್ಡಿ, ರೇಷ್ಮೆ ಹುಳು. ಕಾವೇರಿ ಹತ್ತಿರದಲ್ಲೇ ಹರಿಯುತ್ತಾಳೆ, ಆದರೆ ಕಾಡಿನೊಳಗೆ, ಕೊರಕಲಿನಲ್ಲಿ. "ನಮ್ಗೆ ಕಾವೇರಿ ಮೀಯಕ್ಕೆ, ಕುಡಿಯಕ್ಕಲ್ಲ" ಅನ್ನುತ್ತಿದ್ದ ತಾತ. ಶಿವನಸಮುದ್ರದ ಕರೆಂಟಿನ ಮೇಲೂ ಅವನಿಗೆ ಇಂಥದೇ ಒಂದು ದೂರು. 1902ರಲ್ಲೇ ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಕೂಗಿದರೆ ಕೇಳುವಷ್ಟು ಹತ್ತಿರದ ನಮ್ಮೂರಿಗೆ ಬರುವಾಗ ತಾತನಿಗೆ ಆಗಲೇ ಮೂರು ಮಕ್ಕಳು.

ತಾತ ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. "ಗಾಂಧಿ ಸತ್ತಾಗ ನಂಗೆ ಮೀಸೆ ಬತ್ತಿತ್ತು" ಅನ್ನುವುದೇ ಜನನ ಪ್ರಮಾಣಪತ್ರ. ಹೆಸರು ಮುತ್ತತ್ತಿರಾಯನದು, ಅಂದರೆ ಮುತ್ತತ್ತಿಯ ಹನುಮಂತನದು. ನಮ್ಮ ಸುತ್ತಲಿನ ಊರುಗಳಲ್ಲಿ ಆ ಹೆಸರು ಎಷ್ಟು ಹೇರಳವೆಂದರೆ "ಮುತ್ತ" ಅಂತ ಕೂಗಿದರೆ ಏಳೆಂಟು ಜನ ತಿರುಗಿ ನೋಡುತ್ತಾರೆ. ರಾಜ್‌ಕುಮಾರ್ ಹುಟ್ಟುಹೆಸರು ಮುತ್ತುರಾಜ ಅಂತ ಗೊತ್ತಾದ ದಿನದಿಂದ ತಾತ ಅವರನ್ನು ಸ್ವಂತ ದಾಯಾದಿಯ ಹಾಗೆ ಮಾತಾಡಿಸುತ್ತಿದ್ದ, ಕ್ಯಾಲೆಂಡರಿನಲ್ಲಿ. "ಏನ್ ರಾಜಣ್ಣ, ನೀನು ಬಣ್ಣ ಹಚ್ಕೊಂಡು ಕಾರಲ್ ಹೋದೆ. ನಾನೂ ಹಚ್ಕೊಂಡೆ, ಸಾಲ ಹತ್ತುಸ್ಕೊಂಡೆ."

ಆ ಬಣ್ಣದ ಕತೆ ಹೇಳದಿದ್ದರೆ ತಾತನ ಅರ್ಧ ಕತೆಯನ್ನೂ ಹೇಳಿದಂತಾಗುವುದಿಲ್ಲ.

ಊರಲ್ಲಿ ಪೌರಾಣಿಕ ನಾಟಕ ಕಲಿಯುವುದು ಹೇಗೆಂದು ಗೊತ್ತಿಲ್ಲದವರಿಗೆ: ಹಾರ್ಮೋನಿಯಂ ಹಿಡಿದು ಒಬ್ಬ ಡ್ರಾಮಾ ಮೇಷ್ಟ್ರು ಬರುತ್ತಾರೆ, ಎರಡು ಮೂರು ತಿಂಗಳು ಊರಲ್ಲೇ ಇದ್ದು ಕಲಿಸುತ್ತಾರೆ. ಪಾತ್ರ ಮಾಡುವವರಿಗೆ ಸಂಬಳವಿಲ್ಲ. ಪಾತ್ರ ಬೇಕಾದವರೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ, ಭೀಮ ಎಲ್ಲ ದುಬಾರಿ. ದ್ವಾರಪಾಲಕನಿಗೆ ಕಡಿಮೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ತಾತ ಆ ವರ್ಷ ಭೀಮನ ಪಾತ್ರ ಹಿಡಿದ. ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಡಿ. ಗೋಡೆಯ ಮೇಲೆ ಮೊದಲ ಸಲ ಗೀಟು ಬಿದ್ದದ್ದು ಆಗಲೇ ಅಂತೆ.

ದುರ್ಯೋಧನನ ಪಾತ್ರ ಹಿಡಿದದ್ದು ಹಿಂದಿನ ಬೀದಿಯವನು. ತಾತನಿಂದ ಒಂದು ಎತ್ತು ಕೊಂಡುಕೊಂಡು, ಸಂಕ್ರಾಂತಿಗೆ ದುಡ್ಡು ಕೊಡುತ್ತೇನೆ ಅಂದವನು ಯುಗಾದಿ ಕಳೆದರೂ ಕೊಟ್ಟಿರಲಿಲ್ಲ. ನಾಟಕದ ದಿನ ಗ್ಯಾಸ್‌ಲೈಟಿನ ಬೆಳಕು, ಸುತ್ತ ಹಳ್ಳಿಗಳ ಜನ. ಬೆಳಗಿನ ಜಾವ ಗದಾಯುದ್ಧ. ತಾತ ಗದೆ ಎತ್ತಿ ಹೂಂಕರಿಸಿದ. ಮೇಷ್ಟ್ರು ಕಲಿಸಿದ್ದ ಮಾತು ಮರೆಯಿತೋ, ಬೇಕೆಂದೇ ಬಿಟ್ಟನೋ, ಈ ವಿಷಯದಲ್ಲಿ ಅಜ್ಜಿಗೂ ತಾತನಿಗೂ ಕೊನೆಯವರೆಗೂ ಒಮ್ಮತವಾಗಲಿಲ್ಲ. ಬಾಯಿಂದ ಬಂದದ್ದು ಇದು:

"ಎಲವೋ ಕುರುಕುಲಾಧಮನೇ! ಸಂಕ್ರಾಂತಿಗೆ ಕೊಡುವೆನೆಂದು ನಂಬಿಸಿ, ಎತ್ತನ್ನು ಹೊಡೆದುಕೊಂಡು ಹೋಗಿ, ಈವರೆಗೂ ಹಣವನ್ನು ಸಲ್ಲಿಸದೆ ಸಿಂಹಾಸನದ ಮೇಲೆ ಕುಳಿತಿರುವೆಯಾ?"

ಜನ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಶಿಳ್ಳೆ ಹೊಡೆದರಂತೆ. ದುರ್ಯೋಧನನಿಗೆ ಸಿಟ್ಟು ಬಂತು. ತೊಡೆಗೆ ಗದೆ ಬಿದ್ದಾಗ ಬೀಳಬೇಕಾದವನು ಬೀಳಲೇ ಇಲ್ಲ. ಮೇಷ್ಟ್ರು ಸೈಡ್‌ವಿಂಗಿನಿಂದ "ಬೀಳಪ್ಪಾ, ಬೀಳು" ಅಂತ ಪಿಸುಗುಟ್ಟಿದರೂ "ಇವ್ನು ಕ್ಷಮೆ ಕೇಳೋಗಂಟ ನಾನು ಸಾಯಕಿಲ್ಲ" ಅಂತ ಗಟ್ಟಿಯಾಗಿ ಹೇಳಿ ಕೂತುಬಿಟ್ಟನಂತೆ. ಹಾರ್ಮೋನಿಯಂ ಒಂದೇ ಸಮನೆ ಬಾರಿಸುತ್ತಾ ಇತ್ತು. ಪೂರ್ವದಲ್ಲಿ ಬೆಳಕು ಹರಿಯಿತು. ಕುರುಕ್ಷೇತ್ರ ಮುಗಿಯದೆಯೇ ಜನ ಹಾಲು ಕರೆಯಲು ಎದ್ದು ಹೋದರು.

ಎತ್ತಿನ ದುಡ್ಡು ಬಂತಾ ತಾತ, ಅಂತ ನಾನು ಕೇಳಿದರೆ, "ಬಂತು. ಮೂರ್ ದಿನಕ್ಕೇ ಬಂತು. ಊರ್ ಮುಂದೆ ಕೇಳಿದ್ನಲ್ಲ" ಅನ್ನುತ್ತಿದ್ದ. "ಅರ್ಧ ಬಂತು" ಅಂತ ಅಜ್ಜಿ.

ಇಷ್ಟು ಓದಿ ತಾತ ಬರೀ ತಮಾಷೆಯ ಮನುಷ್ಯ ಅಂದುಕೊಂಡರೆ ತಪ್ಪು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಚಳಿಗಾಲದಲ್ಲೂ ತಣ್ಣೀರು ಸುರಿದುಕೊಂಡು, ಸಾಂಬ್ರಾಣಿ ಧೂಪ ಹಾಕದೆ ಒಂದು ಲೋಟ ಕಾಫಿಯನ್ನೂ ಮುಟ್ಟಿದವನಲ್ಲ. ಸೋಮವಾರ ಮಾದಪ್ಪನ ವಾರ, ಒಂದೇ ಹೊತ್ತು ಊಟ. ಶನಿವಾರ ಮುತ್ತತ್ತಿರಾಯನದು. ಶಿವರಾತ್ರಿಗೆ ಒಂದು ತಿಂಗಳು ಮುಂಚಿನಿಂದ ಕಾಲಿಗೆ ಎಕ್ಕಡವಿಲ್ಲ, ಬಾಡಿಲ್ಲ, ಬೀಡಿಯೂ ಇಲ್ಲ. ಬೀಡಿ ಬಿಟ್ಟ ಆ ತಿಂಗಳು ಮಾತ್ರ ಮನೆಯಲ್ಲಿ ಯಾರೂ ಅವನ ತಂಟೆಗೆ ಹೋಗುತ್ತಿರಲಿಲ್ಲ.

ಬೇರೆಯವರ ಭಕ್ತಿ ನೋಡಿದ್ದೇನೆ. ದೇವರ ಮುಂದೆ ನಿಂತಾಗ ದನಿ ಬದಲಾಗುತ್ತದೆ, ಮುಖ ಬಿಗಿಯುತ್ತದೆ. ತಾತನ ದನಿ ಬದಲಾಗುತ್ತಿರಲಿಲ್ಲ. ಜಗುಲಿಯ ಮೇಲೆ ಕೂತ ಗೆಳೆಯನ ಜೊತೆ ಹೇಗೋ, ದೇವರ ಗೂಡಿನ ಮುಂದೆಯೂ ಹಾಗೆಯೇ. ಒಂದು ವರ್ಷ ಹುಳುವೆಲ್ಲ ಸಪ್ಪೆ ರೋಗ ಬಂದು ನಾಲ್ಕನೇ ಜ್ವರದಲ್ಲಿ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹೊತ್ತಿಗೆ, ಹೋಯಿತು. ತಟ್ಟೆ ತಟ್ಟೆಯೇ ತಿಪ್ಪೆಗೆ. ಅವತ್ತು ಸಂಜೆ ತಾತ ಧೂಪ ಹಾಕಿ, "ಚೆನ್ನಾಗ್ ಮಾಡ್ದೆ ಕಣಪ್ಪ. ನಿನ್ ಬಾಕಿ ಕೇಳೋಕೆ ಮಾತ್ರ ಈ ವರ್ಷ ಬರ್ಬೇಡ" ಅಂತ ಹೇಳಿ ದೀಪ ಹಚ್ಚಿದ. ದೀಪ ಹಚ್ಚುವುದನ್ನು ಬಿಡಲಿಲ್ಲ. ಅವತ್ತು ಹಾಡಲೂ ಇಲ್ಲ.

ಹಾಡುವುದು ಹುಳದ ಮನೆಯಲ್ಲಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಬೇಸಿಗೆ ರಜೆಯಲ್ಲಿ ನಾನೂ ಚಿಕ್ಕಪ್ಪನ ಮಕ್ಕಳೂ ತಾತನ ಜೊತೆ ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದೆವು. ಸೊಪ್ಪು ಹಾಕಿದ ಎರಡೇ ನಿಮಿಷಕ್ಕೆ ಸಾವಿರಾರು ಹುಳು ಮೇಯುವ ಸದ್ದು ಏಳುತ್ತದೆ. ಎಲ್ಲರೂ ಅದನ್ನು ಮಳೆಗೆ ಹೋಲಿಸುತ್ತಾರೆ. ತಾತನ ಹೋಲಿಕೆ ಬೇರೆ: "ಮದ್ವೆ ಮನೇಲಿ ಮೊದಲ್ನೇ ಪಂಕ್ತಿ ಕೂತದೆ, ಕೇಳುಸ್ಕೊ. ಯಾರೂ ಮಾತಾಡಕಿಲ್ಲ." ಆ ಸದ್ದಿನೊಳಗೆ ಮಾದಪ್ಪನ ಕತೆ ಶುರುವಾಗುತ್ತಿತ್ತು. ಅವನು ದೇವರಗುಡ್ಡ ಅಲ್ಲ, ದೀಕ್ಷೆ ತಗೊಂಡವನಲ್ಲ, ಕಂಸಾಳೆ ಬೀಸಲು ಬರುತ್ತಿರಲಿಲ್ಲ. ಕಂಸಾಳೆಯವರು ಇಡೀ ರಾತ್ರಿ ಹಾಡುವುದನ್ನು ಜಾತ್ರೆಗಳಲ್ಲಿ ಕೇಳಿ ಕೇಳಿ ಹಿಡಿದುಕೊಂಡದ್ದು. ಎರಡು ಸ್ಟೀಲ್ ಲೋಟ ತಟ್ಟಿಕೊಂಡು ಹೇಳುತ್ತಿದ್ದ.

ನನಗಿಷ್ಟವಾದದ್ದು ಶ್ರವಣನ ಕತೆ. ದೇವಾನುದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಊಳಿಗ ಮಾಡಿಸಿಕೊಳ್ಳುತ್ತಿದ್ದ ಶ್ರವಣ ದೊರೆಗೆ ಮಾದಪ್ಪ ಒಂದು ಜೊತೆ ಎಕ್ಕಡ ಮಾಡಿಕೊಡುತ್ತಾನೆ. ಅರಗಿನ ಎಕ್ಕಡ. ಶ್ರವಣ ಮೆಟ್ಟಿದ, ಅದು ಹೊತ್ತಿಕೊಂಡಿತು, ಅಲ್ಲಿಗೆ ಅವನ ಕತೆ ಮುಗಿಯಿತು. ಈ ಕತೆ ಹೇಳುವಾಗ ತಾತ ಶ್ರವಣನ ಕಡೆಯಿಂದ ಎಕ್ಕಡದ ಬೆಲೆ ಚೌಕಾಸಿ ಮಾಡಿಸುತ್ತಿದ್ದ. "ಏಟಯ್ಯ ಜೊತೆಗೆ?" "ನಿನ್ ಪಿರಾಣ ಕೊಡು ಸಾಕು." "ಒಸಿ ಕಮ್ಮಿ ಮಾಡ್ಕೊ." ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಸಂಕಮ್ಮನ ಕತೆಗೆ ಬಂದಾಗ ಮಾತ್ರ ತಾತ ತಮಾಷೆ ಸೇರಿಸುತ್ತಿರಲಿಲ್ಲ. ಗಂಡ ನೀಲಯ್ಯ ಅನುಮಾನಪಟ್ಟು ಬಲಗೈ ಭಾಷೆ ಕೊಡು ಅಂತ ಹಿಂಸೆ ಮಾಡುವ ಭಾಗ. ಲೋಟ ಕೆಳಗಿಟ್ಟು ಬರೀ ಬಾಯಲ್ಲಿ, ಮೆಲ್ಲಗೆ. ಬಾಗಿಲಲ್ಲಿ ಅಜ್ಜಿ ಬಂದು ನಿಂತಿರುತ್ತಿತ್ತು.

ಅಜ್ಜಿಯ ಕಡೆಯಿಂದ ಬರೆದಿದ್ದರೆ ಇದು ಬೇರೆಯದೇ ಬರಹವಾಗುತ್ತಿತ್ತು, ಅದೂ ಗೊತ್ತು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ತಾತ ಹೋದನೆಂದರೆ ವಾಪಸು ಯಾವಾಗ ಅನ್ನುವುದು ಮಾದಪ್ಪನಿಗೂ ತಿಳಿಯುತ್ತಿರಲಿಲ್ಲ. ಹರಾಜು ಮಧ್ಯಾಹ್ನದೊಳಗೆ ಮುಗಿದು ಕೈಗೆ ದುಡ್ಡು ಬರುತ್ತಿತ್ತು. ಅಲ್ಲಿಂದ ಒಂದು ಸಿನಿಮಾ, ಒಂದು ಮಸಾಲೆ ದೋಸೆ, ನಮಗೆಲ್ಲ ಮೈಸೂರು ಪಾಕು. ಅಷ್ಟಾದರೆ ಸರಿ. ಒಂದು ಸಲ ಅಂದರ್ ಬಾಹರ್‌ಗೆ ಕೂತು, ಅತ್ತೆಯ ಮದುವೆಗೆಂದು ಇಟ್ಟ ಬೆಳೆಯ ಮುಕ್ಕಾಲು ಪಾಲು ಕಳೆದು ಬಂದ. ಅಜ್ಜಿಯ ಬೆಳ್ಳಿ ಕಡಗ ಅಡವಿಗೆ ಹೋದದ್ದು ಆಗ. ಬಿಡಿಸಿಕೊಂಡದ್ದು ಆರು ವರ್ಷದ ಮೇಲೆ. ಅತ್ತೆ ಈಗಲೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಆ ಸಲ ತಾತ ಗೋಡೆಗೆ ಗೀಟು ಎಳೆಯಲಿಲ್ಲವಂತೆ. "ಅದು ಮಾದಪ್ಪನ್ ಸಾಲ ಅಲ್ಲ" ಅಂದನಂತೆ. ಅಜ್ಜಿ ಇದನ್ನು ಹೇಳಿದ್ದು ಒಂದೇ ಸಲ, ಅದೂ ತಾತ ಹೋದ ಮೇಲೆ.

ಇಸ್ಪೀಟು ಬಿಡಲಿಲ್ಲ. ದುಡ್ಡಿಟ್ಟು ಆಡುವುದನ್ನು ಬಿಟ್ಟ. ಹುಣಸೆಬೀಜ ಇಟ್ಟು ನಮ್ಮ ಜೊತೆ ಆಡುತ್ತಿದ್ದ, ಅದರಲ್ಲೂ ಮೋಸ ಮಾಡುತ್ತಿದ್ದ.

ಜನವರಿಯಲ್ಲಿ, ಬನದ ಹುಣ್ಣಿಮೆಗೆ, ಚಿಕ್ಕಲ್ಲೂರು ಜಾತ್ರೆ. ಮಾದಪ್ಪ ಸಸ್ಯಾಹಾರಿ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಒಕ್ಕಲಿಗೆ ಬಾಡಿಲ್ಲದೆ ಜಾತ್ರೆ ಆಗುವುದಿಲ್ಲ. "ಒಬ್ರು ಬೇಡ ಅಂತಾರೆ, ಒಬ್ರು ಬೇಕು ಅಂತಾರೆ, ಇಬ್ರುನ್ನೂ ಇಟ್ಕೊಂಡ್ರೆ ನಮ್ ಹೊಟ್ಟೆಗೆ ಮೋಸಿಲ್ಲ" ಅನ್ನುವುದು ತಾತನ ಸಿದ್ಧಾಂತ. ಜಾತ್ರೆ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ: ಬಿದಿರಿನಲ್ಲಿ ಕಟ್ಟಿ ಬಟ್ಟೆ ಸುತ್ತಿದ ಮಂಡಲಕ್ಕೆ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರು ಬಂದು ಬೆಂಕಿ ಮುಟ್ಟಿಸುತ್ತಾರೆ. ಅದು ಯಾವ ದಿಕ್ಕಿಗೆ ಹೆಚ್ಚು ಉರಿಯುತ್ತದೋ ಆ ಕಡೆ ಆ ವರ್ಷ ಬೆಳೆ ಚೆನ್ನ ಅನ್ನುವ ನಂಬಿಕೆ. ನಮ್ಮೂರು ಹೊಳೆಯಾಚೆ, ಬಡಗಲಿಗೆ. ಚಂದ್ರಮಂಡಲ ಎತ್ತ ಉರಿದರೂ ತಾತನ ಕಣ್ಣಿಗೆ ಅದು ಬಡಗಲಿಗೇ ಉರಿಯುತ್ತಿತ್ತು. ಪಕ್ಕದಲ್ಲಿ ನಿಂತ ಕೊಳ್ಳೇಗಾಲದವರ ಜೊತೆ ಇದೇ ವಿಷಯಕ್ಕೆ ವಾದ ಮಾಡಿ, ಕೊನೆಗೆ ಅವರ ಬಿಡಾರದಲ್ಲೇ ಟೀ ಕುಡಿದು ಬರುತ್ತಿದ್ದ.

ನಾಲ್ಕನೇ ದಿನ ಪಂಕ್ತಿ ಸೇವೆ. ಬಯಲ ತುಂಬ ಬಿಡಾರ, ಮೂರು ಕಲ್ಲಿನ ಒಲೆ, ಹೊಗೆ. ಅಡುಗೆ ಮಾಡಿ ಎಡೆ ಇಟ್ಟು, ಜಾತಿ ಕೇಳದೆ ಯಾರು ಬಂದರೂ ಕೂರಿಸಿ ಬಡಿಸುವುದು ಅಲ್ಲಿಯ ಸೇವೆ. ನಮ್ಮೂರಲ್ಲಿ ಒಬ್ಬರ ಮನೆಯೊಳಗೆ ಒಬ್ಬರು ಹೋಗದ ಬೀದಿಗಳಿದ್ದವು. ಅದೇ ಜನ ಚಿಕ್ಕಲ್ಲೂರಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ನಾನು ಚಿಕ್ಕವಳಾಗಿ ಒಂದು ಸಲ ಕೇಳಿದ್ದೆ, ಊರಲ್ಲಿ ಯಾಕೆ ಹಿಂಗಿಲ್ಲ ತಾತ? ತಾತನ ಹತ್ತಿರ ಎಲ್ಲದಕ್ಕೂ ಒಂದು ಮಾತಿರುತ್ತಿತ್ತು. ಅದಕ್ಕೆ ಇರಲಿಲ್ಲ. ಮುದ್ದೆ ಮುರಿಯುತ್ತಾ ಕೂತಿದ್ದ. ಮುಂದಿನ ತಿಂಗಳು, ಜಾತ್ರೆಯಲ್ಲಿ ಪಂಕ್ತಿಗೆ ಕೂತಿದ್ದ ಕೆಳಗಿನ ಬೀದಿಯ ಗೆಳೆಯನನ್ನು ಮನೆಯ ನಡುಮನೆಗೇ ಕರೆದು ಕೂರಿಸಿ ಕಾಫಿ ಕೊಡಿಸಿದ. ದೊಡ್ಡ ಗಲಾಟೆ ಆಗಲಿಲ್ಲ, ಸಣ್ಣದೊಂದು ಆಯಿತು. ಆಮೇಲೆ ಆ ತಾತ ಬರುತ್ತಲೇ ಇದ್ದರು. ತಾತನ ಕೊನೆಯ ವರ್ಷಗಳಲ್ಲಿ ಜಾತ್ರೆಯಲ್ಲಿ ಪ್ರಾಣಿಬಲಿ ಕೂಡದೆಂದು ಪೊಲೀಸ್ ಬಂದೋಬಸ್ತು ಶುರುವಾದಾಗ ಇಬ್ಬರೂ ಜಗುಲಿಯಲ್ಲಿ ಕೂತು, ಕೋಳಿಯನ್ನು ಚೆಕ್‌ಪೋಸ್ಟ್ ದಾಟಿಸುವುದು ಹೇಗೆ ಅಂತ ದಿನಗಟ್ಟಲೆ ಯೋಜನೆ ಹಾಕುತ್ತಿದ್ದರು. ದಾಟಿಸಿದರೋ ಇಲ್ಲವೋ, ನಾನು ಇಲ್ಲಿ ಬರೆಯುವುದಿಲ್ಲ.

ಏಳನೇ ಕ್ಲಾಸಿನಲ್ಲಿದ್ದಾಗ ತಾತ ನನ್ನನ್ನು ಶಿವರಾತ್ರಿಗೆ ಬೆಟ್ಟಕ್ಕೆ ನಡೆಸಿಕೊಂಡು ಹೋದ. ಹೆಣ್ಣು ಮಗು, ಆನೆ ಕಾಡು, ಬೇಡ ಅಂತ ಅಪ್ಪ. "ಸಂಕಮ್ಮ ಕಾಡಲ್ ಇರ್ನಿಲ್ವ?" ಅಂತ ತಾತ. ಅಪ್ಪನ ಬಳಿ ಉತ್ತರವಿರಲಿಲ್ಲ.

ಕನಕಪುರ, ರಾಮನಗರದ ಕಡೆಯಿಂದ ಬರುವ ಜನರ ಹಿಂಡು ಸೇರಿಕೊಂಡು ಕಾಡಿನ ದಾರಿ ಹಿಡಿದೆವು. ಬಸವನಕಡದಲ್ಲಿ ಕಾವೇರಿ ದಾಟಬೇಕು. ಸೇತುವೆ ಇಲ್ಲ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿರುತ್ತಾರೆ, ಅದನ್ನು ಹಿಡಿದು ನೀರಿನಲ್ಲಿ ನಡೆಯುವುದು. ಬೇಸಿಗೆ ಶುರುವಾಗಿದ್ದರೂ ನೀರು ನನ್ನ ಎದೆಮಟ್ಟ ಇತ್ತು. ಕೆಳಗೆ ಪಾಚಿಗಟ್ಟಿದ ಬಂಡೆ. ಕಾಲಿಟ್ಟರೆ ಜಾರುತ್ತದೆ, ಇಡದಿದ್ದರೆ ನೀರು ಎಳೆಯುತ್ತದೆ. ಮುಂದೆ ಹಿಂದೆ ಜನ "ಉಘೇ ಉಘೇ ಮಾದಪ್ಪ" ಅನ್ನುತ್ತಿದ್ದರು, ನನಗೆ ಬಾಯಿಂದ ಏನೂ ಹೊರಡಲಿಲ್ಲ. ತಾತ ತಲೆಯ ಮೇಲೆ ಬಟ್ಟೆಗಂಟು ಇಟ್ಟುಕೊಂಡು, ಒಂದು ಕೈಯಲ್ಲಿ ಅದನ್ನೂ ಹಗ್ಗವನ್ನೂ ಒಟ್ಟಿಗೆ ಹಿಡಿಯಲು ನೋಡುತ್ತಾ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಿದ್ದ. ನಡು ಹೊಳೆಯಲ್ಲಿ ಅವನ ಪಂಚೆ ಬಿಚ್ಚಿತು.

ನಾನು ನೋಡಿದೆ. ಬಿಳಿ ಪಂಚೆ ನೀರಿನ ಮೇಲೆ ಅಗಲವಾಗಿ ಹರಡಿಕೊಂಡು, ಅವಸರವಿಲ್ಲದೆ ಹೋಗುತ್ತಿತ್ತು. ತಾತ ಹಿಡಿಯಬೇಕೆಂದರೆ ಗಂಟು ಬಿಡಬೇಕು, ಇಲ್ಲವೇ ಹಗ್ಗ ಬಿಡಬೇಕು, ಇಲ್ಲವೇ ನನ್ನನ್ನು ಬಿಡಬೇಕು. ಒಂದು ಕ್ಷಣ ಅದರ ಕಡೆ ನೋಡಿ, "ಹೋಗವ್ವ ಹೋಗು" ಅಂದ. ದಡ ಹತ್ತಿದಾಗ ಪಟಾಪಟಿ ಚಡ್ಡಿಯಲ್ಲಿ, ನೀರು ಸುರಿಸುತ್ತಾ, ಸುತ್ತ ನಗುತ್ತಿದ್ದ ನೂರಾರು ಜನರಿಗೆ ಕೈ ಮುಗಿದು ಹೇಳಿದ: "ನಗ್ಬೇಡಿ ಕಣ್ರಪ್ಪ. ಕಾವೇರಮ್ಮಂಗೆ ಸೀರೆ ಹರಕೆ ಹೊತ್ಕೊಂಡಿದ್ದೆ. ಸೀರೆಗೆ ದುಡ್ ಸಾಲ್ದೆ ಪಂಚೆ ಕೊಟ್ಟೆ."

ಗಂಟಿನಲ್ಲಿ ಇನ್ನೊಂದು ಪಂಚೆ ಇತ್ತು. ಅದು ದೇವರ ಮುಂದೆ ಉಡಲು ತಂದದ್ದು, ಮಡಿ. ಅದನ್ನು ತೆಗೆಯಲಿಲ್ಲ. ಎರಡು ದಿನ ಟವಲು ಸುತ್ತಿಕೊಂಡೇ ನಡೆದ. ಶಾಗ್ಯದಲ್ಲಿ ಮಜ್ಜಿಗೆ ಕೊಟ್ಟವರು, ಕೌದಳ್ಳಿಯ ಕಡೆ ಅನ್ನ ಹಾಕಿದವರು, ಎಲ್ಲರಿಗೂ ಪಂಚೆಯ ಕತೆ ಹೇಳುತ್ತಾ, ಪ್ರತಿ ಊರಿನಲ್ಲೂ ಹೊಳೆಯನ್ನು ಒಂದು ಮೊಳ ಆಳ ಮಾಡುತ್ತಾ. ತಾಳಬೆಟ್ಟದಲ್ಲಿ ನನ್ನ ಕಾಲಲ್ಲಿ ಬೊಬ್ಬೆ ಎದ್ದು ನಾನು ಅಳತೊಡಗಿದೆ. ತಾತ ತಮಾಷೆ ಮಾಡಲಿಲ್ಲ. ಬೊಬ್ಬೆಗೆ ಹರಳೆಣ್ಣೆ ಸವರಿ, "ಅತ್ಕೊಂಡೇ ಹತ್ತು ಮೊಗ. ಅತ್ರೂ ಅವ್ನಿಗೆ ಕೇಳ್ತದೆ" ಅಂದ. ಅತ್ತುಕೊಂಡೇ ಹತ್ತಿದೆ. ಬೆಟ್ಟದ ಮೇಲೆ ಗುಡಿಯ ಮುಂದೆ ತಾತ ಆ ಮಡಿ ಪಂಚೆ ಉಟ್ಟು ನಿಂತಾಗ, ಮಾತೇ ನಿಲ್ಲಿಸದ ಆ ಮನುಷ್ಯ ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಸುಮ್ಮನಿದ್ದನೆಂದರೆ ಹಿಂದಿನವರು ತಳ್ಳಿದರು.

ಹುಂಡಿಗೆ ಹಾಕುವಾಗ ಹತ್ತು ರೂಪಾಯಿ ಉಳಿಸಿಕೊಂಡ. ಪ್ರತಿ ವರ್ಷವೂ ಅಷ್ಟೇ, ಲೆಕ್ಕ ಪೂರ್ತಿ ಚುಕ್ತಾ ಮಾಡುತ್ತಿರಲಿಲ್ಲ. ಯಾಕೆ ಅಂದರೆ, "ಬಾಕಿ ಇದ್ರೆ ತಾನೆ ಮುಂದಿನ್ ವರ್ಷಗಂಟ ನನ್ನ ಬದುಕುಸ್ಕೊಳದು."

2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ನಾನು ಬ್ಯಾಂಕಿಗೆ ಸೇರಿ ಒಂದು ವರ್ಷವಾಗಿತ್ತು. ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ಊರಿನಿಂದ ಫೋನು. ಮುಡುಪಿನಲ್ಲಿ ಎರಡು ಐನೂರರ ನೋಟು ಇದ್ದವು. "ಮಾದಪ್ಪನ್ ದುಡ್ಡೂ ನಡಿಯಕಿಲ್ವ?" ಅಂತ ತಾತ. ನಡಿಯಲ್ಲ ತಾತ, ಆಧಾರ್ ಕಾರ್ಡ್ ಜೆರಾಕ್ಸ್ ಕಳಿಸು, ಬದಲಾಯಿಸಿಕೊಡುತ್ತೇನೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಯಾರ್ದು? ನಂದೋ, ಅವಂದೋ?"

2018ರ ಮಳೆಗಾಲದಿಂದ ಉಸಿರು ಕಟ್ಟತೊಡಗಿತು. ಮೈಸೂರಿನ ಆಸ್ಪತ್ರೆಯಲ್ಲಿ ಎಂಟು ದಿನ. ಮೂಗಿಗೆ ಆಕ್ಸಿಜನ್ ಹಾಕಿದ ನರ್ಸಿಗೆ, ಒಂದು ಬೀಡಿ ಎಳೆದು ಕೊಡ್ತೀನಿ ತೆಗಿಯಮ್ಮ, ಅಂದನಂತೆ. ಮನೆಗೆ ಕರೆದುಕೊಂಡು ಬಂದೆವು. ಕಾರ್ತಿಕದಲ್ಲಿ ಹೋದ. ಸೋಮವಾರ ಹೋದರು, ಪುಣ್ಯವಂತರು ಅಂತ ಬಂದವರೆಲ್ಲ ಹೇಳಿದರು. ಗುರುವಾರ. ಕಾಫಿ ಕೇಳಿದ, ಅಜ್ಜಿ ಒಳಗೆ ಹೋಗಿ ತರುವಷ್ಟರಲ್ಲಿ.

ಹನ್ನೊಂದನೇ ದಿನದ ತಿಥಿಗೆ ಎಡೆಯಲ್ಲಿ ಎಲೆ ಅಡಿಕೆ, ಬೀಡಿ, ಕಾಫಿ ಇಟ್ಟೆವು. ಚಿಕ್ಕಪ್ಪ ಒಂದು ಪ್ಯಾಕು ಇಸ್ಪೀಟೂ ಇಟ್ಟ. ಅತ್ತೆ ಅದನ್ನು ತೆಗೆದಳು. ಚಿಕ್ಕಪ್ಪ ಮತ್ತೆ ಇಟ್ಟ. ಕೊನೆಗೆ ಅಲ್ಲೇ ಇತ್ತು, ಅತ್ತೆ ಅದರ ಮೇಲೆ ಒಂದು ಹೂವಿಟ್ಟಳು.

ಆ ತಿಥಿಗೆಂದೇ ಎರಡು ದಿನ ಮುಂಚೆ ಮನೆಗೆ ಬಣ್ಣ ಹೊಡೆಸಿದ್ದರು. ಸುಣ್ಣವಲ್ಲ, ಡಿಸ್ಟೆಂಪರು, ಗಿಳಿಹಸಿರು. ನಾನು ಬೆಂಗಳೂರಿನಿಂದ ಹೋದಾಗ ದೇವರ ಗೂಡಿನ ಪಕ್ಕದ ಗೋಡೆ ಫಳಫಳ ಅನ್ನುತ್ತಿತ್ತು. ಒಂದು ಗೀಟೂ ಇಲ್ಲ. ಚಿಕ್ಕಪ್ಪನ ಮೇಲೆ ಕೂಗಾಡಿದೆ. ಅವನಿಗೆ ನಿಜಕ್ಕೂ ಹೊಳೆದಿರಲಿಲ್ಲ. ಪೇಂಟರು ಮಸಿ ಅಂದುಕೊಂಡು ಉಜ್ಜಿ ತೆಗೆದಿದ್ದ. ಸಾಲ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ. ದೇವರ ಬಾಕಿ ಉಳಿಸಿಕೊಂಡರೆ ಮನೆಗೆ ಒಳ್ಳೆಯದಲ್ಲ ಅಂತ ನೆಂಟರು. ಒಂದು ಸಾವಿರ ಹಾಕಿಬಿಡೋಣ ಅಂತ ಅಪ್ಪ. ಆಗ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿತು: "ಮೂವತ್ನಾಕು ಗೀಟು. ಮುನ್ನೂರ್ ನಲವತ್ ರೂಪಾಯಿ."

ಅಜ್ಜಿಗೆ ಓದು ಬರಹ ಬಾರದು. ಐವತ್ತು ವರ್ಷ ಬೈದುಕೊಂಡೇ ಎಣಿಸುತ್ತಿತ್ತು.

2019ರ ಶಿವರಾತ್ರಿ ಮಾರ್ಚ್ 4ಕ್ಕೆ, ಸೋಮವಾರವೇ ಬಂತು. ಅಜ್ಜಿಗೆ ಮಂಡಿ ನೋವು, ನನಗೆ ಎರಡೇ ದಿನ ರಜೆ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋದೆವು. ಘಟ್ಟದ ತಿರುವಿನಲ್ಲಿ ನಡೆದು ಹೋಗುವವರು ಕಾಣುತ್ತಿದ್ದರು, ಅಜ್ಜಿ ಕಿಟಕಿಯಿಂದ ಒಬ್ಬೊಬ್ಬರನ್ನೂ ನೋಡುತ್ತಿತ್ತು. ಗುಡಿಯಲ್ಲಿ ನೂಕುನುಗ್ಗಲು. ಹುಂಡಿಯ ಮುಂದೆ ಅಜ್ಜಿ ಸೊಂಟದಿಂದ ಅರಿಶಿನದ ಗಂಟು ತೆಗೆದು, ಹಿಂದಿನವರು ಬೈಯುತ್ತಿದ್ದರೂ ಲೆಕ್ಕಿಸದೆ, ಒಂದೊಂದೇ ನೋಟು ಎಣಿಸಿ ಹಾಕಿತು. ಮೂರು ನೂರು. ಹತ್ತು. ಇನ್ನೊಂದು ಹತ್ತು. ಕೈ ನಿಂತಿತು. ಉಳಿದ ಎರಡು ಹತ್ತರ ನೋಟು ಹಿಡಿದು ಒಳಗಿನ ಕಡೆ ನೋಡಿ, ಬಾಯಲ್ಲಿ ಏನೋ ಗೊಣಗಿ, ವಾಪಸು ಸೊಂಟಕ್ಕೆ ಸಿಕ್ಕಿಸಿಕೊಂಡಿತು.

"ಬಾ ಮೊಗ, ಟೀ ಕುಡಿಯನ. ಹೇಳಿವ್ನಿ ಅವಂಗೆ."

ಊರಿಗೆ ಬಂದ ಮೇಲೆ ಅಜ್ಜಿ ಮರೆಯಲಿಲ್ಲ. ಅಡುಗೆಗೆ ಗ್ಯಾಸ್ ಬಂದಿದೆ, ಆದರೆ ಸ್ನಾನದ ಹಂಡೆಗೆ ಇನ್ನೂ ಸೌದೆ ಒಲೆ. ಅದರಿಂದ ಒಂದು ಚೂರು ಇದ್ದಿಲು ತಂದು, ಗಿಳಿಹಸಿರು ಗೋಡೆಯ ಮೇಲೆ, ದೇವರ ಗೂಡಿನ ಪಕ್ಕ, ಎರಡು ಗೀಟು ಎಳೆದೆ. ಚಿಕ್ಕಪ್ಪ ಬಾಗಿಲಲ್ಲಿ ಬಂದು, ಏನೋ ಹೇಳಲು ಬಾಯಿ ತೆರೆದು, ಹೊರಟುಹೋದ. ಅಜ್ಜಿ ಹಿಂದೆ ನಿಂತು ನೋಡುತ್ತಿತ್ತು.

"ಉದ್ದ ಆಯ್ತು," ಅಂತು. "ನಿಮ್ ತಾತ ಇಷ್ಟುದ್ದ ಎಳೀತಿರ್ಲಿಲ್ಲ."